ನಿಂಬೆಹಣ್ಣು ಕಟ್ಟಿದ ಪುಸ್ತಕ

ನಾನು ಒಂದು ದೆವ್ವದ ಪುಸ್ತಕ. ಹಾಗೆಂದ ಕೂಡಲೇ ನೀವು ಒಂದು ಹೆಜ್ಜೆ ಹಿಂದೆ ಸರಿಯಬೇಕಾಗಿಲ್ಲ. ನಿಜ ಹೇಳಬೇಕೆಂದರೆ ನನ್ನಷ್ಟು ಪುಕ್ಕಲು ಪುಸ್ತಕ ಗದಗ ಜಿಲ್ಲೆಯಲ್ಲೇ ಇನ್ನೊಂದಿಲ್ಲ. ಇಲಿ ಎಂದರೆ ಹೆದರಿಕೆ, ಗೆದ್ದಲು ಎಂದರೆ ಹೆದರಿಕೆ, ಸೋರುವ ಸೂರು ಎಂದರೆ ಹೆದರಿಕೆ. ಮಂಡಕ್ಕಿ ಗಿರ್ಮಿಟ್ ಅಂಗಡಿಯವರನ್ನು ಕಂಡರಂತೂ ಜೀವವೇ ಬಾಯಿಗೆ ಬರುತ್ತದೆ. ಅವರು ನಿಮಗೇನು ಮಾಡಿದರು ಎನ್ನುತ್ತೀರಾ? ಹಾಳೆ ಹರಿದು ಪೊಟ್ಟಣ ಕಟ್ಟುತ್ತಾರಲ್ಲ ಸ್ವಾಮಿ!

ನಾನು ಹುಟ್ಟಿದ್ದು ಗದಗಿನಲ್ಲಿ, ರಾಚಪ್ಪ ಕಡೆಮನಿಯವರ ಮುದ್ರಣಾಲಯದಲ್ಲಿ. ಆಗ ಇನ್ನೂ ಅಚ್ಚುಮೊಳೆಗಳ ಕಾಲ. ಒಂದೊಂದೇ ಸೀಸದ ಅಕ್ಷರ ಹೆಕ್ಕಿ, ಸಾಲು ಕಟ್ಟಿ, ಮಸಿ ಬಳಿದು, ಹಾಳೆಯ ಮೇಲೆ ಒತ್ತುತ್ತಿದ್ದರು. ಹಾಳೆಗಳನ್ನು ಮಡಚಿ ಹೊಲಿದರು. ಅಲ್ಲಿಯವರೆಗೆ ಎಲ್ಲ ಹಿತವಾಗಿಯೇ ಇತ್ತು. ಆಮೇಲೆ ನನ್ನನ್ನು ಕಟಿಂಗ್ ಯಂತ್ರದ ಕೆಳಗೆ ಇಟ್ಟರು. ಮೇಲೆ ನೋಡುತ್ತೇನೆ, ಬಾಗಿಲಿನಷ್ಟು ಅಗಲದ ಕತ್ತಿ! ಚಕ್ ಎಂದು ಇಳಿಯಿತು. ಅಂಚು ಹೋಯಿತು, ಅಕ್ಷರ ಉಳಿಯಿತು. ಅವತ್ತು ಹೊಕ್ಕ ನಡುಕ ಇವತ್ತಿಗೂ ಹೋಗಿಲ್ಲ.

ನನ್ನನ್ನು ಬರೆದಾಕೆ ಪದ್ಮಾಕ್ಷಿ ಹೊಂಬಳ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಹಳೆಯ ದಿನಗಳಲ್ಲಿ ದೂರದ ಊರಿಗೆ ಮಾತಾಡಬೇಕೆಂದರೆ ಟ್ರಂಕ್ ಕಾಲ್ ಹಾಕಬೇಕಿತ್ತು. ಟ್ರಂಕ್ ಕಾಲ್ ಬಂತೆಂದರೆ ಮನೆಯವರ ಎದೆ ಧಸಕ್ಕೆನ್ನುತ್ತಿತ್ತು. ಯಾರು ಸತ್ತರೋ, ಎಲ್ಲಿ ಏನಾಯಿತೋ ಎಂದು 'ಹಲೋ' ಎನ್ನುವಾಗಲೇ ದನಿ ನಡುಗುತ್ತಿತ್ತು. ಇಂಥ ದನಿಗಳನ್ನು ಇಪ್ಪತ್ತು ವರ್ಷ ಕಿವಿಗೆ ಹಚ್ಚಿಕೊಂಡು ಕುಳಿತಾಕೆ ಪದ್ಮಾಕ್ಷಿ. ಹೆದರಿದ ಮನುಷ್ಯ ಹೇಗೆ ಉಸಿರಾಡುತ್ತಾನೆ ಎನ್ನುವುದು ಆಕೆಗೆ ಗೊತ್ತಿದ್ದಷ್ಟು ಡಾಕ್ಟರಿಗೂ ಗೊತ್ತಿರಲಿಲ್ಲ. ಅದನ್ನೇ ಕಥೆಯಾಗಿ ಬರೆದರು, ಒಂದೇ ಕಥೆ ಆರು ಭಾಗಗಳಲ್ಲಿ. ನಾನು ಮೊದಲನೆಯ ಭಾಗ.

ಪ್ರಕಾಶಕರೊಬ್ಬರ ಹತ್ತಿರ ಹೋದಾಗ ಅವರು ನಕ್ಕರಂತೆ. "ಹೆಣ್ಮಕ್ಕಳು ದೆವ್ವದ ಕತಿ ಬರೀತಾರೇನ್ರೀ ಬಾಯಾರ? ರಂಗೋಲಿ ಪುಸ್ತಕ ಮಾಡ್ರಿ, ಹೋಗ್ತಾವು" ಎಂದರಂತೆ. ಪದ್ಮಾಕ್ಷಿ ಬಾಯಿ ಹಟ ಹಿಡಿದು, ಬಳೆ ಅಡವಿಟ್ಟು, ತಾವೇ ಅಚ್ಚು ಹಾಕಿಸಿದರು. ಮಾಲೆಯ ಹೆಸರು 'ಅಮಾಸಿ ಮಾಲೆ'. ಒಂದೊಂದು ಭಾಗಕ್ಕೆ ಐನೂರು ಪ್ರತಿ.

ಆಮೇಲೆ ನಡೆದದ್ದು ನಮ್ಮಲ್ಲಿ ಸ್ವಂತ ಪುಸ್ತಕ ಮಾಡಿದ ಎಲ್ಲರಿಗೂ ನಡೆಯುವಂಥದ್ದೇ. ಅಕ್ಕನಿಗೆ ಒಂದು ಗೌರವ ಪ್ರತಿ, ಆಫೀಸಿನ ಸಾಹೇಬರಿಗೆ ಒಂದು, ಮದುವೆಗೆ ಹೋದಲ್ಲಿ ಒಂದು. ಎಲ್ಲರೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ನೋಡಿ, "ಭಾಳ ಚಂದ ಬಂದೈತ್ರೀ, ಕಾಗದ ಛಲೋ ಐತಿ" ಎನ್ನುವವರೇ. ತಿಂಗಳು ಬಿಟ್ಟು "ಓದಿದಿರೇನ್ರೀ?" ಎಂದು ಕೇಳಿದರೆ, "ಓದಬೇಕ್ರೀ, ಓದಬೇಕು" ಎನ್ನುತ್ತಿದ್ದರು.

ಒಂದು ದಿನ ಮುದ್ರಣಾಲಯದ ಮೇಜಿನ ಮುಂದೆ ಕುಳಿತು ಪದ್ಮಾಕ್ಷಿ ಬಾಯಿ ಹೇಳಿದ ಮಾತು ನನ್ನ ಕಿವಿಗೆ ಬಿತ್ತು.

"ನನಗ ಪ್ರಶಸ್ತಿ ಬ್ಯಾಡ, ಶಾಲು ಬ್ಯಾಡ ರಾಚಪ್ಪ. ಗುರ್ತಿಲ್ಲದ ಒಬ್ಬ ಮನಷ್ಯಾ ನನ್ನ ಪುಸ್ತಕ ಓದಬೇಕು, ಓದಿ ಹೆದರಬೇಕು. ಒಬ್ಬನರ. ಅಷ್ಟ ಸಾಕು ನನಗ."

"ಸಿಗ್ತಾರ ತಗೋರಿ" ಎಂದರು ರಾಚಪ್ಪ.

ಸಿಗಲಿಲ್ಲ. ಉಳಿದ ಪ್ರತಿಗಳು ರಾಚಪ್ಪನವರ ಗೋದಾಮಿಗೆ ಸೇರಿದವು. ಸುತ್ತಲೂ ಮದುವೆ ಪತ್ರಿಕೆಗಳ ರಟ್ಟು, ಹಳೆಯ ಕ್ಯಾಲೆಂಡರು, ಮಸಿ ಡಬ್ಬಿ. ಅಲ್ಲಿ ಹನ್ನೆರಡು ವರ್ಷ! ತಿಂಗಳಿಗೊಮ್ಮೆ ರದ್ದಿಯವನ ಟೆಂಪೋ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಅದರ ಹಾರ್ನ್ ಕೇಳಿದರೆ ನಮ್ಮ ಕಟ್ಟುಗಳಲ್ಲಿ ಒಂದು ಹಾಳೆಯೂ ಮಿಸುಕುತ್ತಿರಲಿಲ್ಲ. ಅವನು ಕಟಿಂಗ್ ಚೂರುಗಳನ್ನೂ ಹಾಳಾದ ಹಾಳೆಗಳನ್ನೂ ತುಂಬಿಕೊಂಡು ಹೋಗುತ್ತಿದ್ದ. ಎಲ್ಲೋ ಗಿರಣಿಯಲ್ಲಿ ನೀರಿಗೆ ಹಾಕಿ ಅರೆದು ಗಂಜಿ ಮಾಡುತ್ತಾರಂತೆ. ನಮ್ಮ ಸರದಿ ಇಲ್ಲವೆಂದು ತಿಳಿದ ಮೇಲೆ ಉಸಿರು ಬಿಡುತ್ತಿದ್ದೆವು. ಹೇಡಿಗೆ ದಿನಕ್ಕೆ ನೂರು ಸಾವು ಎನ್ನುತ್ತಾರಲ್ಲ, ಅದು ಸುಳ್ಳಲ್ಲ ನೋಡಿ.

ಹದಿಮೂರನೆಯ ವರ್ಷ ರಾಚಪ್ಪನವರು ಫ್ಲೆಕ್ಸ್ ಯಂತ್ರ ತರಿಸಲು ನಿಶ್ಚಯಿಸಿದರು. ಅದನ್ನಿಡಲು ಗೋದಾಮೇ ಬೇಕು. ಪದ್ಮಾಕ್ಷಿ ಬಾಯಿಯನ್ನು ಕರೆಸಿ ಕೈಮುಗಿದರು.

"ಬಾಯಾರ, ಯುಗಾದಿ ಅನ್ನೂದರಾಗ ಖಾಲಿ ಮಾಡಬೇಕ್ರೀ. ನಿಮ್ಮ ಮನ್ಯಾಗರ ಎಲ್ಲಿ ಇಡ್ತೀರಿ? ಇಲ್ಲಾಂದ್ರ…"

ಆ 'ಇಲ್ಲಾಂದ್ರ' ಕೇಳಿ ನನ್ನ ಹೊಲಿಗೆ ಸಡಿಲವಾದಂತಾಯಿತು. ಪದ್ಮಾಕ್ಷಿ ಬಾಯಿ ನಮ್ಮ ಕಟ್ಟುಗಳ ಮೇಲಿನ ಧೂಳನ್ನು ಒಂದೊಂದಾಗಿ ಒರೆಸಿದರು. ಆಗ ಅವರಿಗೆ ನೌಕರಿಯಿಂದ ನಿವೃತ್ತಿಯಾಗಿತ್ತು, ತಲೆ ಪೂರ್ತಿ ಬೆಳ್ಳಗಾಗಿತ್ತು. ಕೊನೆಗೆ ಹೇಳಿದರು: "ಇನ್ನೊಂದ ಸಲ ಬಿಡುಗಡೆ ಮಾಡೂಣು ರಾಚಪ್ಪ. ಹೊಸಾ ಹೆಸರು, ಹೊಸಾ ಮುಖ. ಹೋದ್ರ ಹೋದ್ವು. ಇಲ್ಲಾಂದ್ರ ನೀ ಏನ ಮಾಡ್ತೀಯೋ ಮಾಡು."

ರಾಚಪ್ಪನವರ ಮಗಳು ಗೌರಾ ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಡಿಸೈನ್ ಕಲಿತು ಬಂದಿದ್ದಳು. ಚುರುಕು ಹುಡುಗಿ, ಮಾತು ಪಟಪಟ. ಈ ಮರುಬಿಡುಗಡೆಯ ಕೆಲಸವನ್ನೆಲ್ಲ ಅವಳೇ ಮೈಮೇಲೆ ಹಾಕಿಕೊಂಡಳು. ಹೊಸದಾಗಿ ಅಚ್ಚು ಹಾಕಿಸುವಷ್ಟು ಅನುಕೂಲವಿರಲಿಲ್ಲ. ಆದ್ದರಿಂದ ಹಳೆಯ ಹೊದಿಕೆ ಕಿತ್ತು ಹೊಸದು ಅಂಟಿಸುವುದೆಂದಾಯಿತು.

ಕಿತ್ತರು. ಚರ್ಮ ಸುಲಿದಂತೆ ಬರ್ ಎಂದು ಬಂತು. ಬೆನ್ನಿನ ಮೇಲಿದ್ದ ಹಳೆಯ ಗೋಂದನ್ನು ಚಾಕುವಿನಿಂದ ಕೆರೆದರು. ಹೊಸ ಹೊದಿಕೆ ಹಾಕಿದ ಮೇಲೆ ಅಂಚು ಸಮ ಮಾಡಬೇಕಲ್ಲ? ಮತ್ತೆ ಅದೇ ಕತ್ತಿ. ಮೊದಲ ಸಲವೇ ಅಂಚು ಕಳೆದುಕೊಂಡಿದ್ದೆ, ಇನ್ನು ಕತ್ತರಿಸಿದರೆ ಅಕ್ಷರವೇ ಹೋಗುತ್ತದೆ ಎಂದು ಒಳಗೊಳಗೇ ಚೀರಿದೆ. ಪುಸ್ತಕದ ಚೀರಾಟ ಯಾರಿಗೆ ಕೇಳಬೇಕು? ಒಂದು ನೂಲಿನಷ್ಟು ಅಂತರದಲ್ಲಿ ಬದುಕಿಕೊಂಡೆ.

ಹೊಸ ಮುಖ ನೋಡಿದಾಗ ನನಗೇ ಹೆದರಿಕೆಯಾಯಿತು. ಕಡುಗಪ್ಪು ಹೊದಿಕೆ, ನಡುವೆ ಎರಡು ಕೆಂಪು ಕಣ್ಣು, ಕೆಳಗೆ ರಕ್ತ ಸೋರಿದಂಥ ಅಕ್ಷರದಲ್ಲಿ 'ನಡುಕ ಮಾಲೆ'. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು.

"ಬರೇ ಕವರಿಗೆ ಯಾರೂ ತಿರುಗಿ ನೋಡಂಗಿಲ್ರೀ ಆಂಟಿ" ಎಂದಳು ಗೌರಾ. "ಒಂದೊಂದು ಪುಸ್ತಕಕ್ಕ ಒಂದ ನಿಂಬಿಹಣ್ಣು, ಏಳ ಹಸಿಮೆಣಸಿನಕಾಯಿ ಪೋಣಿಸಿ ಕರೇ ದಾರದಾಗ ಕಟ್ಟೂಣು. ಇಷ್ಟ ಹೆದರಸೂ ಪುಸ್ತಕ ಐತಿ, ಹೆದರಿಕಿ ಬಿಡಸೂದನ್ನೂ ನಾವ ಕೊಡ್ತೀವಿ ಅಂತ ಹೇಳೂಣು. ಅಮಾಸಿ ದಿನಾನ ಬಿಡುಗಡೆ! ಊರೆಲ್ಲಾ ಮಾತಾಡ್ತೈತಿ ನೋಡ್ರಿ."

ಪದ್ಮಾಕ್ಷಿ ಬಾಯಿ ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದರು. ರಾಚಪ್ಪ ಮಾತ್ರ ತಲೆ ಕೆರೆದುಕೊಂಡು, "ಅಲ್ಲವಾ, ಇದು ನೋಡಾಕ ಒಂದ್ ನಮೂನಿ…" ಎಂದು ಶುರು ಮಾಡಿದರು. "ನಿಮಗ ಮಾರ್ಕೆಟಿಂಗ್ ತಿಳ್ಯಾಂಗಿಲ್ಲ, ಸುಮ್ಮನಿರ್ರಿ ಅಪ್ಪಾಜಿ" ಎಂದು ಮಗಳು ಬಾಯಿ ಮುಚ್ಚಿಸಿದಳು.

ಅಮಾವಾಸ್ಯೆಯ ಬೆಳಿಗ್ಗೆ ಒಂದು ಸಣ್ಣ ಸಭೆ. ಬಂದವರೆಲ್ಲ ನೆಂಟರು. ಅತಿಥಿಗಳಾಗಿ ನಿವೃತ್ತ ಪ್ರಾಧ್ಯಾಪಕರೊಬ್ಬರು. ನವರಸಗಳಲ್ಲಿ ಭಯಾನಕ ರಸದ ಸ್ಥಾನವೇನು ಎಂದು ಅರ್ಧ ಗಂಟೆ ಮಾತಾಡಿದರು; ನಮ್ಮಲ್ಲಿ ಒಂದು ಪುಟವನ್ನೂ ತಿರುವಿರಲಿಲ್ಲ ಎನ್ನುವುದು ನಮಗೆ ಗೊತ್ತು. ಬಣ್ಣದ ಕಾಗದ ಬಿಚ್ಚಿ ಪುಸ್ತಕ ಎತ್ತಿ ತೋರಿಸಬೇಕು, ಫೋಟೋದವನು ಕ್ಯಾಮೆರಾ ಹಿಡಿದು ನಿಂತಿದ್ದಾನೆ. ಕಾಗದ ಬಿಚ್ಚಿದವರೇ ನಿಂಬೆಹಣ್ಣು ನೋಡಿ ಬಿಸಿ ತಾಗಿದವರಂತೆ ಕೈ ಹಿಂದೆಳೆದರು. ಮತ್ತೆ ಜೇಬಿನಿಂದ ಕರವಸ್ತ್ರ ತೆಗೆದು, ಅದರಲ್ಲಿ ನನ್ನ ಪಕ್ಕದ ಪ್ರತಿಯ ತುದಿ ಹಿಡಿದು ಎತ್ತಿದರು. ಊಟಕ್ಕೆ ನಿಲ್ಲದೆ ಹೋದರು.

ಅಲ್ಲಿಗೇ ನಮಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ. ಹತ್ತು ಗಂಟೆಗೆ ಬಸ್‌ಸ್ಟ್ಯಾಂಡಿನ ಎದುರು ಮೇಜು ಹಾಕಿ, ನಮ್ಮನ್ನು ಸಾಲಾಗಿ ಜೋಡಿಸಿಟ್ಟರು. ನೂರಾರು ಕೆಂಪು ಕಣ್ಣು, ನೂರಾರು ನಿಂಬೆಹಣ್ಣು, ಕರಿ ದಾರ, ಅಮಾವಾಸ್ಯೆ. ಈಗ ನೀವೇ ಹೇಳಿ, ಅದನ್ನು ನೋಡಿದರೆ ಯಾರಿಗೆ ಪುಸ್ತಕದಂಗಡಿ ಅನ್ನಿಸುತ್ತದೆ?

ಮಾಟ! ಮೂರು ದಾರಿ ಕೂಡಿದಲ್ಲಿ ಯಾರೋ ಇಟ್ಟು ಹೋದ ಮಾಟವನ್ನು ಕಂಡವರ ಹಾಗೆ ಜನ ನಮ್ಮನ್ನು ಬಳಸಿಕೊಂಡು ಹೋಗತೊಡಗಿದರು. ಒಬ್ಬ ಅಜ್ಜಿ ಮೊಮ್ಮಗಳ ಕಣ್ಣು ಮುಚ್ಚಿ, "ಥೂ ಥೂ" ಎಂದು ಉಗುಳಿ, ಕೂಸನ್ನು ಎತ್ತಿಕೊಂಡೇ ಓಡಿದಳು. ಪಕ್ಕದಲ್ಲಿ ಪೇರಲ ಮಾರುತ್ತಿದ್ದವಳು ಬುಟ್ಟಿ ಹೊತ್ತು ಎದ್ದಳು.

"ಯಾರ ಮನಿ ಹಾಳ ಮಾಡಾಕ ಬಂದೀಯವಾ? ವಯಸ್ಸಾದಾಕಿ ಅದೀ, ನಾಚಿಕಿ ಬರೂದಿಲ್ಲ?" ಎಂದು ಒಬ್ಬರು ಪದ್ಮಾಕ್ಷಿ ಬಾಯಿಗೆ ನೇರವಾಗಿಯೇ ಅಂದರು.

"ಕತಿ ಪುಸ್ತಕ್ರೀ ಇವು, ಬರೇ ಕತಿ ಪುಸ್ತಕ" ಎಂದು ಆಕೆ ಒಂದನ್ನು ಎತ್ತಿ ತೋರಿಸಿದರೆ, ಮುಂದೆ ನಿಂತವರು ನಾಲ್ಕು ಹೆಜ್ಜೆ ಹಿಂದೆ ಹೋದರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಹೆದರಬೇಕೆಂದು ಆಕೆ ಬಯಸಿದ್ದು ನಿಜ, ಊರಿಗೆ ಊರೇ ಹೆದರಿತ್ತು, ಆದರೆ ಒಬ್ಬರೂ ಒಂದು ಸಾಲು ಓದಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆಕೆಯ ಕಣ್ಣು ತುಂಬಿ ಬಂದಿತ್ತು. ಸೆರಗಿನಿಂದ ಒರೆಸಿಕೊಂಡು ಮತ್ತೆ ಕೂಗಿದರು.

ಗೌರಾಗೆ ಏನು ಮಾಡಬೇಕೋ ತಿಳಿಯಲಿಲ್ಲ. ನನ್ನನ್ನು ಎತ್ತಿ, ದಾರಿಯಲ್ಲಿ ಹೊರಟಿದ್ದ ಒಬ್ಬ ಮೆದು ಮುಖದ ಮನುಷ್ಯನ ಕೈಗೆ ಪುಕ್ಕಟೆ ತುರುಕಿಬಿಟ್ಟಳು. ಬೇಡವೆನ್ನಲು ಅವನಿಗೆ ಸಂಕೋಚ. ಉಸಿರು ಬಿಗಿಹಿಡಿದು ನನ್ನನ್ನು ಹಿಡಿದುಕೊಂಡು ಹಡಗಲಿ ಬಸ್ಸು ಹತ್ತಿದ, ನನ್ನನ್ನು ಸೀಟಿನ ಮೇಲಿಟ್ಟ, ಮುಂದಿನ ಬಾಗಿಲಿನಿಂದ ಇಳಿದು ಹಿಂದೆ ನೋಡದೆ ನಡೆದ.

ಮೊದಲು ಒಬ್ಬ ಹೆಂಗಸು ನನ್ನನ್ನು ನೋಡಿದಳು. "ಅಯ್ಯಯ್ಯ ಶಿವನ!" ಎಂದು ಕೂಗಿದ್ದೇ ತಡ, ಬಸ್ಸು ಖಾಲಿ! ಡ್ರೈವರ್ ಬಸಣ್ಣೆಪ್ಪ ತಾನೂ ಕೆಳಗೆ ಹಾರಿ ನಿಂತ.

"ಫಕ್ಕೀರಪ್ಪಾ, ಅದು ಒಳಗ ಇರೂಮಟಾ ನಾ ಗಾಡಿ ಚಾಲೂ ಮಾಡೂದಿಲ್ಲಪಾ. ನನಗ ಎರಡು ಹೆಣ್ಣುಮಕ್ಕಳದಾವು."

ಫಕ್ಕೀರಪ್ಪ ಆ ಬಸ್ಸಿನ ಕಂಡಕ್ಟರ್. ದಪ್ಪ ಮೀಸೆ, ದೊಡ್ಡ ದನಿ. ಮೀಸೆ ಇದ್ದವನು ತಾನೂ ಹೆದರಿದ್ದೇನೆ ಎಂದು ಹೇಳುವ ಹಾಗಿಲ್ಲವಲ್ಲ, ಪಾಪ. ಜನರೆಲ್ಲ ಇವನನ್ನೇ ನೋಡುತ್ತಿದ್ದಾರೆ. ಹಳೆಯ ಪೇಪರಿನಲ್ಲಿ ನನ್ನನ್ನು ಸುತ್ತಿ ಎತ್ತಿಕೊಂಡು, "ಎಲ್ಲಾರೂ ಹತ್ರಿ! ಹೊಳಿ ಬಂದ ಕೂಡಲೇ ಒಗದ ಬಿಡ್ತೀನಿ. ಹರಿಯೂ ನೀರಿಗೆ ಬಿದ್ರ ಎಂಥಾ ಮಾಟಾನೂ ಮುಗೀತು" ಎಂದ. ಜನ ಒಬ್ಬೊಬ್ಬರಾಗಿ ಹತ್ತಿದರು.

ಹೊಳೆ ಎಂದರೆ ತುಂಗಭದ್ರೆ. ಮುಂಡರಗಿ ದಾಟಿದ ಮೇಲೆ ಸೇತುವೆ. ಅಷ್ಟು ದೂರವೂ ನಾನು ಫಕ್ಕೀರಪ್ಪನ ಕಾಲ ಬಳಿ ಬಿದ್ದುಕೊಂಡು ನಡುಗುತ್ತಿದ್ದೆ. ರದ್ದಿಗೆ ಹೆದರಿ ಹನ್ನೆರಡು ವರ್ಷ ಬದುಕಿದ್ದೆ. ನೀರಿನಲ್ಲಿ ಮುಳುಗಿ ಸಾಯುವುದನ್ನು ಕನಸಿನಲ್ಲೂ ನೆನೆದಿರಲಿಲ್ಲ. ಹಾಳೆ ಹಾಳೆಯಾಗಿ ಊದಿ, ಗೋಂದು ಕರಗಿ, ಮೀನು ಬಂದು ಅಕ್ಷರ ತಿಂದು… ಅಯ್ಯೋ ಬೇಡ, ಈಗಲೂ ಬೇಡ ಆ ಮಾತು.

ಸೇತುವೆಯ ಮೇಲೆ ಬಸ್ಸು ನಿಂತಿತು. ಫಕ್ಕೀರಪ್ಪ ಇಳಿದು ಕಟ್ಟೆಯ ಹತ್ತಿರ ಹೋದ. ಕಿಟಕಿಗಳಿಂದ ಎಲ್ಲರ ತಲೆಯೂ ಹೊರಗೆ. ಪೇಪರು ಬಿಚ್ಚಿದ. ದಾರದಿಂದ ಹಿಡಿದು ನನ್ನನ್ನು ನೀರಿನ ಮೇಲೆ ತೂಗಾಡಿಸಿದ. ಕೆಳಗೆ ನೋಡಿದೆ, ಬರೀ ಹಸಿರು ನೀರು. ಮುಗಿಯಿತು ಎಂದುಕೊಂಡೆ.

ಬೀಸಿ ಒಗೆಯಲು ಕೈ ಹಿಂದಕ್ಕೆ ಎಳೆದಾಗ ನನ್ನ ಭಾರಕ್ಕೆ ದಾರದ ಗಂಟು ಜಾರಿತು. ನಿಂಬೆಹಣ್ಣು ಮೆಣಸಿನಕಾಯಿ ಸಮೇತ ದಾರ ನೀರಿಗೆ ಬಿತ್ತು, ನಾನು ಕಟ್ಟೆಯ ಮೇಲೆ ಬಾಯಿ ತೆರೆದು ಬಿದ್ದೆ. ಫಕ್ಕೀರಪ್ಪ ಕಾಲಿನಿಂದ ನೂಕಲು ಬಗ್ಗಿ ನೋಡಿದವನು ಅಲ್ಲೇ ನಿಂತ. ಮಂತ್ರ ಇರಬಹುದೆಂದುಕೊಂಡಿದ್ದನೋ ಏನೋ. ಅಲ್ಲಿದ್ದದ್ದು ನನ್ನ ಮೊದಲ ಸಾಲು: 'ಆ ಮನೆಯಲ್ಲಿ ಇದ್ದದ್ದು ನಾಲ್ಕೇ ಜನ, ಆದರೂ ಊಟವಾದ ಮೇಲೆ ದಿನವೂ ಐದು ತಟ್ಟೆ ತೊಳೆಯಬೇಕಾಗುತ್ತಿತ್ತು.'

ತುಟಿ ಅಲುಗಿಸುತ್ತ ಓದಿದ. ಎರಡನೆಯ ಸಾಲನ್ನೂ ಓದಿದ.

"ಒಗದಿ ಏನೋ?" ಎಂದು ಬಸಣ್ಣೆಪ್ಪ ಹಾರ್ನ್ ಹೊಡೆದ.

"ಒಗದೆ, ಒಗದೆ!" ಎಂದು ಫಕ್ಕೀರಪ್ಪ ಬಸ್ಸಿಗೆ ಬೆನ್ನು ತಿರುಗಿಸಿ, ನನ್ನನ್ನು ಅಂಗಿಯೊಳಗೆ ತುರುಕಿಕೊಂಡ. ಅವನ ಎದೆ ಡಬಡಬ ಎನ್ನುತ್ತಿತ್ತು, ನನ್ನದೂ.

ಹಡಗಲಿಯಲ್ಲಿ ಬಸ್ಸು ನಿಂತಾಗ ಓದಿದ, ಚಹಾ ಕುಡಿಯುತ್ತ ಓದಿದ, ಟಿಕೆಟ್ ಎಲ್ಲ ಕೊಟ್ಟು ಮುಗಿಸಿ ಹಿಂದಿನ ಸೀಟಿನಲ್ಲಿ ಕುಳಿತು ಓದಿದ. ಬೆರಳಿಗೆ ಉಗುಳು ಹಚ್ಚಿ ಪುಟ ತಿರುವುವ ಅಭ್ಯಾಸ, ಒಂದು ಮೂಲೆಗೆ ಚಹಾದ ಕಲೆ. ಹರಿದಾನೇನೋ, ಮರೆತು ಬಿಟ್ಟು ಹೋದಾನೇನೋ ಎಂದು ನನಗೆ ಕ್ಷಣಕ್ಷಣಕ್ಕೂ ದಿಗಿಲು. ಮೂರನೆಯ ದಿನ ನನ್ನ ಕೊನೆಯ ಪುಟಕ್ಕೆ ಬಂದ. ಅಲ್ಲಿ 'ಮುಂದಿನದು ಎರಡನೆಯ ಭಾಗದಲ್ಲಿ' ಎಂದಿತ್ತು. "ಇವನೌನ!" ಎಂದು ತೊಡೆ ಬಡಿದುಕೊಂಡ.

ಆ ಬೆಳಿಗ್ಗೆ ಬಸ್ಸು ಗದಗಿಗೆ ಬರುವಾಗ ಮುದ್ರಣಾಲಯದ ಮುಂದೆಯೇ ಬಂತು. ಫಕ್ಕೀರಪ್ಪನ ಕೈಯಲ್ಲಿದ್ದ ನನಗೆ ಕಿಟಕಿಯಿಂದ ಎಲ್ಲ ಕಂಡಿತು. ರದ್ದಿಯವನ ಟೆಂಪೋ ಬಾಗಿಲಿಗೇ ನಿಂತಿತ್ತು. ಅದರ ತುಂಬ ಕಪ್ಪು ಕಟ್ಟುಗಳು, ಕೆಂಪು ಕಣ್ಣುಗಳು. ನನ್ನ ಜೊತೆ ಹುಟ್ಟಿದವರು, ಹನ್ನೆರಡು ವರ್ಷ ಒಂದೇ ಕಟ್ಟಿನಲ್ಲಿ ಮೈಗೆ ಮೈ ತಾಗಿಸಿ ನಡುಗಿದವರು. ಮೇಲೊಬ್ಬ ನಿಂತು ತುಳಿದು ತುಳಿದು ಜಾಗ ಮಾಡುತ್ತಿದ್ದ. ಬಸ್ಸು ನಿಲ್ಲಲಿಲ್ಲ. ನನಗೆ ಅಳಲು ಬಾರದು, ಅಷ್ಟೇ.

ಮುಂದಿನ ಟ್ರಿಪ್ಪಿಗೆ ನಲವತ್ತು ನಿಮಿಷ ಇತ್ತು. ನನ್ನ ಹಿಂಬದಿಯ ಹೊದಿಕೆಯ ಮೇಲಿದ್ದ ವಿಳಾಸ ಹಿಡಿದು ಫಕ್ಕೀರಪ್ಪ ಪದ್ಮಾಕ್ಷಿ ಬಾಯಿಯ ಮನೆಗೆ ಬಂದ. ಬಾಗಿಲು ಅರ್ಧ ತೆರೆದ ಆಕೆ, ದಪ್ಪ ಮೀಸೆಯ ಮನುಷ್ಯನನ್ನೂ ಅವನ ಕೈಯಲ್ಲಿದ್ದ ನನ್ನನ್ನೂ ನೋಡಿ ಬಿಳಿಚಿಕೊಂಡರು. ಮೂರು ದಿನದಿಂದ ಇದೇ ಆಗಿತ್ತಂತೆ. ಯಾರು ಯಾರೋ ಬಂದು ಜಗಳ ತೆಗೆದು ಹೋಗಿದ್ದರಂತೆ.

"ತಪ್ಪಾತ್ರೀ" ಎಂದು ಕೈಮುಗಿದೇಬಿಟ್ಟರು. "ನಾ ಯಾರಿಗೂ ಏನೂ ಮಾಟಾ ಮಾಡಿಲ್ರೀ. ಎಲ್ಲಾ ರದ್ದಿಗೆ ಹಾಕಿಸಿಬಿಟ್ಟೀನಿ. ಇನ್ನೊಮ್ಮೆ ಆ ತಂಟೆಕ್ಕ ಹೋಗೂದಿಲ್ಲ."

"ಅದು ಹಾಳಾಗ್ಲಿ ಬಿಡ್ರೀ ಬಾಯಾರ" ಎಂದ ಫಕ್ಕೀರಪ್ಪ. "ಆ ಐದನೇ ತಟ್ಟಿ ಯಾರದು?"

"ಏನ್ರೀ?"

"ದಿನಾ ಒಂದ ತಟ್ಟಿ ಹೆಚ್ಚಿಗಿ ತೊಳೀತಾರಲ್ರೀ! ಅದು ಯಾರ ಉಂಡದ್ದು? ಮೂರ ದಿನಾ ಆತು, ತಲ್ಯಾಗ ಅದ ಕುಂತೈತಿ. ಎರಡನೇ ಭಾಗ ಕೊಡ್ರಿ."

ಪದ್ಮಾಕ್ಷಿ ಬಾಯಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. ಒಳಗೆ ಹೋಗಿ ಕಪಾಟಿನಿಂದ ಎರಡನೆಯ ಭಾಗ ತಂದರು. ಹಳೆಯ ಹೊದಿಕೆಯ, ಯಾರೂ ತೆರೆಯದ ಪ್ರತಿ. ಮನೆಯಲ್ಲಿದ್ದದ್ದು ಅದೊಂದೇ ಸೆಟ್.

"ಇದನ್ನ ಮನಿ ದಾಟಿ ಕೊಡಾಕ ನನಗ ಧೈರ್ಯ ಇಲ್ರೀ" ಎಂದರು. "ಇಲ್ಲೇ ಕುಂತು ಓದ್ರಿ. ಬೇಕಾದಾಗ ಬರ್ರಿ, ಓದ್ರಿ."

ಕಟ್ಟೆಯ ಮೇಲೊಂದು ಬೆಂಚಿತ್ತು. ಫಕ್ಕೀರಪ್ಪ ಕುಳಿತ, ನನ್ನನ್ನು ಪಕ್ಕದಲ್ಲಿಟ್ಟ, ಓದಲು ಶುರು ಮಾಡಿದ. ಪದ್ಮಾಕ್ಷಿ ಬಾಯಿ ಚಹಾ ತರುತ್ತೇನೆಂದು ಒಳಗೆ ಹೊರಟವರು ಹೋಗಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದರು. ರಣರಣ ಬಿಸಿಲು, ಬೀದಿಯಲ್ಲಿ ಸೈಕಲ್ಲು, ಹೂ ಮಾರುವವಳು. ಫಕ್ಕೀರಪ್ಪನ ತುಟಿ ಅಲುಗುವುದು ನಿಂತಿತು. ಒಂದು ಪುಟ ತಿರುವಿದ. ಇನ್ನೊಂದು. ಆಮೇಲೆ, ಕಣ್ಣು ಪುಸ್ತಕದಿಂದ ತೆಗೆಯದೆ, ನೆಲದ ಮೇಲಿದ್ದ ಎರಡೂ ಕಾಲನ್ನು ಮೆಲ್ಲಗೆ ಎತ್ತಿ ಬೆಂಚಿನ ಮೇಲೆ ಇಟ್ಟುಕೊಂಡ. ಬೆಂಚಿನ ಕೆಳಗೆ ಏನೋ ಇದೆ ಎಂಬಂತೆ ಪ್ಯಾಂಟಿನ ತುದಿಯನ್ನೂ ಒಳಗೆ ಎಳೆದುಕೊಂಡ. ಹಾಡಹಗಲು, ಅಷ್ಟು ದೊಡ್ಡ ಮೀಸೆ!

ಆಕೆ ನೋಡುತ್ತಿದ್ದಾರೆಂದು ತಿಳಿದು ಅವನಿಗೆ ನಾಚಿಕೆಯಾಯಿತು. ಕಾಲು ಇಳಿಸಲು ಹೊರಟ.

"ಇಳಸಬ್ಯಾಡ್ರೀ" ಎಂದರು ಪದ್ಮಾಕ್ಷಿ ಬಾಯಿ. ದನಿ ಟ್ರಂಕ್ ಕಾಲಿನವರ ದನಿಯ ಹಾಗೆ ನಡುಗುತ್ತಿತ್ತು. "ಹಂಗ ಕೂಡ್ರಿ. ಇನ್ನೊಂದೀಟು ಹೊತ್ತು ಹಂಗ ಕೂಡ್ರಿ." ಸೆರಗು ಬಾಯಿಗೆ ಹಿಡಿದುಕೊಂಡು ಅತ್ತುಬಿಟ್ಟರು.

ಹುಟ್ಟಿದಾಗಿನಿಂದ ಮೊದಲ ಸಲ ನನ್ನ ನಡುಕ ನಿಂತಿತ್ತು. ಹೆದರುವ ಕೆಲಸವನ್ನು ಇನ್ಯಾರೋ ಮಾಡುತ್ತಿದ್ದರು.

ಅವತ್ತು ಹಡಗಲಿ ಬಸ್ಸು ಹತ್ತು ನಿಮಿಷ ತಡವಾಗಿ ಹೊರಟಿತು. ಆರೂ ಭಾಗ ಮುಗಿಯಲು ಫಕ್ಕೀರಪ್ಪನಿಗೆ ಮಳೆಗಾಲದವರೆಗೆ ಬೇಕಾಯಿತು.

ಈಗ ನಾನು ಅವನ ಮನೆಯ ಗೂಡಿನಲ್ಲಿದ್ದೇನೆ, ಪಂಚಾಂಗ ಮತ್ತು ಕರೆಂಟ್ ಬಿಲ್ಲುಗಳ ನಡುವೆ. ಅವನಿಗೂ ವಯಸ್ಸಾಯಿತು, ನನಗೂ ಆಯಿತು. ಹೊದಿಕೆ ಸುಕ್ಕಾಗಿದೆ, ಕೆಂಪು ಕಣ್ಣು ಮಾಸಿವೆ. ಹೆದರಿಕೆ ಪೂರ್ತಿ ಹೋಗಿಲ್ಲ; ಗೋಡೆಯಲ್ಲಿ ಗೆದ್ದಲಿನ ಮಣ್ಣು ಕಂಡರೆ ಈಗಲೂ ಪ್ರಾಣ ಹೋದಂತಾಗುತ್ತದೆ. ಟೆಂಪೋದಲ್ಲಿ ಹೋದವರು ನೆನಪಾದರೆ ಖುಷಿಗಿಂತ ಸಂಕಟವೇ ಹೆಚ್ಚು. ಗೋದಾಮಿನ ಅಷ್ಟು ಪ್ರತಿಗಳಲ್ಲಿ ಒಬ್ಬ ಗುರುತಿಲ್ಲದ ಮನುಷ್ಯ ಓದಿದ್ದು ನನ್ನೊಬ್ಬನನ್ನೇ. ಆದರೆ ಪದ್ಮಾಕ್ಷಿ ಬಾಯಿ ಬೇಡಿದ್ದೂ ಒಬ್ಬನನ್ನೇ.